ಅಕ್ಕೋರನ್ನು ಕೇಳಿ: ಮೂರು ರಗ್ಗು ಹೊದ್ದರೂ ಚಳಿ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಚಳಿಯ ಬಗ್ಗೆಯೇ ಇವೆ. ಹೊದಿಕೆ, ಹಾಸಿಗೆ, ಕಂಬಳಿ, ಕೂಸು, ವಯಸ್ಸಾದವರು. ಅದಕ್ಕೇ ಅಡುಗೆಮನೆಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು ಪುಟವನ್ನೆಲ್ಲ ಹಾಸಿಗೆಗೇ ಬಿಟ್ಟುಕೊಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಹಾವೇರಿ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಮ್ಮವ್ವ ಕೌದಿ ಹೊಲಿಯುತ್ತಿದ್ದಳು. ಈ ವಿಷಯದಲ್ಲಿ ನನಗೆ ಗೊತ್ತಿರುವುದರಲ್ಲಿ ಅರ್ಧ ಪಾಠದ ಪುಸ್ತಕದ್ದು, ಅರ್ಧ ಅವಳ ಸೂಜಿಯದು.

ಪ್ರಶ್ನೆ: ಅಕ್ಕೋರೇ, ನಮ್ಮದು ಬೀದರ್ ತಾಲ್ಲೂಕಿನ ಹಳ್ಳಿ. ಹೋದ ವರ್ಷ ಹೊಸ ಮನೆ ಕಟ್ಟಿಸಿದೆವು. ಮಾವನವರಿಗೆ 74 ವರ್ಷ. ಮಂಚ ಬೇಡ ಅಂತಾರೆ. ಟೈಲ್ಸ್ ಮೇಲೆ ಚಾಪೆ, ಅದರ ಮೇಲೆ ಒಂದು ಜಮಖಾನೆ ಹಾಸಿ ಮಲಗುತ್ತಾರೆ. ಮೇಲೆ ಮೂರು ರಗ್ಗು ಹೊದಿಸುತ್ತೇನೆ. ಆದರೂ ಬೆಳಗಿನ ಜಾವ ನಾಲ್ಕಕ್ಕೆ ನಡುಗುತ್ತಾ ಎದ್ದು ಕೂರುತ್ತಾರೆ. ಹಳೇ ಮನೆಯಲ್ಲಿ ಒಂದೇ ಕಂಬಳಿಯಲ್ಲಿ ನಿದ್ದೆ ಬರುತ್ತಿತ್ತು ಅಂತಾರೆ. ಇನ್ನೊಂದು ದಪ್ಪ ರಜಾಯಿ ತರಲೇ?
— ಒಬ್ಬ ಸೊಸೆ, ಬೀದರ್ ಜಿಲ್ಲೆ

ಉತ್ತರ: ಈಗಲೇ ತರಬೇಡಮ್ಮ. ಇವತ್ತು ರಾತ್ರಿ ಮೇಲಿನ ಮೂರು ರಗ್ಗಿನಲ್ಲಿ ಎರಡನ್ನು ತೆಗೆದು ನಾಲ್ಕು ಮಡಿಕೆ ಮಾಡಿ ಮಾವನವರ ಕೆಳಗೆ ಹಾಸು. ಮೇಲೆ ಒಂದೇ ಇರಲಿ. ನಾಳೆ ಬೆಳಿಗ್ಗೆ ಅವರನ್ನೇ ಕೇಳು.

ಇದನ್ನು ನಾನು ಕಲಿತದ್ದು ನಿಮ್ಮ ಊರಲ್ಲೇ. ಒಂದು ಜನವರಿಯಲ್ಲಿ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಬೀದರ್‌ಗೆ ಬಂದಿದ್ದೆವು. ಕೋಟೆ ನೋಡಿ, ಮಹಮೂದ್ ಗವಾನನ ಮದರಸಾ ನೋಡಿ, ರಾತ್ರಿ ಒಂದು ಶಾಲೆಯ ಹಾಲ್‌ನಲ್ಲಿ ಮಲಗಿದೆವು. ನೆಲಕ್ಕೆ ಶಹಾಬಾದ್ ಕಲ್ಲು. ನನ್ನ ಹತ್ತಿರ ಒಂದು ಜಮಖಾನೆ, ಎರಡು ಕಂಬಳಿ ಇದ್ದವು. ಎರಡೂ ಕಂಬಳಿ ಮೇಲೆ ಎಳೆದುಕೊಂಡೆ. ಒಂದು ಗಂಟೆಯಾದರೂ ಬೆನ್ನು ಬಿಸಿಯಾಗಲಿಲ್ಲ. ಎದೆ ಬೆಚ್ಚಗಿದೆ, ಬೆನ್ನು ಮಾತ್ರ ಬಾವಿಕಟ್ಟೆಗೆ ಒರಗಿ ಕೂತ ಹಾಗೆ. ಮಗ್ಗುಲು ಬದಲಿಸಿದರೆ ಆ ಮಗ್ಗುಲು ತಣ್ಣಗೆ. ನಮ್ಮ ಜತೆ ಅಡುಗೆಗೆ ಬಂದಿದ್ದ ಹೆಂಗಸು ಎದ್ದು ಬಂದಳು. "ಅಕ್ಕೋರ, ನೀವು ಕಂಬಳಿ ಹೊದ್ದೀರಿ, ಕಲ್ಲು ನಿಮ್ಮನ್ನ ಹೊದ್ದೈತಿ" ಅಂದಳು. ಒಂದು ಕಂಬಳಿಯನ್ನು ನನ್ನ ಮೈಮೇಲಿಂದ ಎಳೆದು, ಮಡಚಿ, ಕೆಳಗೆ ತಳ್ಳಿದಳು. ಹತ್ತು ನಿಮಿಷಕ್ಕೆ ನಿದ್ದೆ ಬಂತು. ಅಷ್ಟು ವರ್ಷ ಶಾಖದ ಪಾಠ ಮಾಡಿದ್ದೆ. ಆ ಪಾಠ ಬೆನ್ನಿಗೆ ಹತ್ತಿದ್ದು ಆ ರಾತ್ರಿ.

ಯಾಕೆ ಹೀಗಾಗುತ್ತದೆ ಹೇಳುತ್ತೇನೆ. ಕಂಬಳಿಗೆ, ರಗ್ಗಿಗೆ ತನ್ನದೇ ಬಿಸಿ ಇಲ್ಲ. ಬಿಸಿ ಇರುವುದು ನಮ್ಮ ಮೈಯಲ್ಲಿ. ಮಲಗಿದ ದೊಡ್ಡವರ ಮೈಯಿಂದ ಸುಮಾರು 70–80 ವ್ಯಾಟ್ ಶಾಖ ಹೊರಗೆ ಹೋಗುತ್ತಿರುತ್ತದೆ. ಹಳೇ ಕಾಲದ ಒಂದು ಗುಂಡು ಬಲ್ಬಿನಷ್ಟು. ಹೊದಿಕೆಯ ಕೆಲಸ ಆ ಶಾಖ ಬೇಗ ಓಡಿಹೋಗದಂತೆ ತಡೆಯುವುದು. ತಡೆಯುವ ಶಕ್ತಿ ಬಹುಪಾಲು ಬರುವುದು ಎಳೆಗಳ ನಡುವೆ ಸಿಕ್ಕಿಕೊಂಡು ಅಲ್ಲಾಡದೆ ನಿಂತ ಗಾಳಿಯಿಂದ. ಹತ್ತಿಯಾಗಲಿ, ಉಣ್ಣೆಯಾಗಲಿ, ಅವು ಆ ಗಾಳಿಯನ್ನು ಹಿಡಿದಿಡುವ ಬಲೆ ಇದ್ದ ಹಾಗೆ.

ಈಗ ಮಾವನವರ ಕೆಳಗಡೆ ನೋಡು. ಚಾಪೆ ತೆಳ್ಳಗೆ. ಜಮಖಾನೆ ಬಿಗಿಯಾದ ನೇಯ್ಗೆ, ಅದರೊಳಗೆ ಗಾಳಿಗೆ ಜಾಗವೇ ಕಡಿಮೆ. ಅದರ ಮೇಲೆ ಅವರ ಭಾರ ಬಿದ್ದಾಗ ಇದ್ದಷ್ಟು ಗಾಳಿಯೂ ಹೊರಟುಹೋಯಿತು. ಉಳಿದದ್ದು ಬರೀ ಟೈಲ್ಸ್. ಮೇಲೆ ನೀನು ಮೂರು ಬಾಗಿಲು ಹಾಕಿದ್ದೀಯ, ಕೆಳಗಿನ ಬಾಗಿಲು ತೆರೆದೇ ಇದೆ.

ಹಳೇ ಮನೆಯ ಮಾತೂ ಸುಳ್ಳಲ್ಲ. ಸಗಣಿ ಸಾರಿಸಿದ ಮಣ್ಣಿನ ನೆಲ ಟೈಲ್ಸ್‌ನಷ್ಟು ಬೇಗ ಶಾಖ ಎಳೆದುಕೊಳ್ಳುವುದಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಒಂದು ಕೈ ಕಿಟಕಿಯ ಕಬ್ಬಿಣದ ಸರಳಿನ ಮೇಲೆ, ಇನ್ನೊಂದು ಕೈ ಅದರ ಮರದ ಚೌಕಟ್ಟಿನ ಮೇಲೆ ಇಟ್ಟು ನೋಡು. ಎರಡೂ ಒಂದೇ ಕೋಣೆಯಲ್ಲಿ ರಾತ್ರಿಯಿಡೀ ಇದ್ದವು, ಎರಡರ ಬಿಸಿಯೂ ಒಂದೇ. ಆದರೂ ಕಬ್ಬಿಣ ತಣ್ಣಗೆ ಕೊರೆಯುತ್ತದೆ, ಮರ ಹಾಗಲ್ಲ. ಕಬ್ಬಿಣ ನಿನ್ನ ಕೈಯ ಶಾಖವನ್ನು ಸರಕ್ಕನೆ ಎಳೆದುಕೊಳ್ಳುತ್ತದೆ, ಅಷ್ಟೇ ವ್ಯತ್ಯಾಸ. ಟೈಲ್ಸ್‌ಗೂ ಮಣ್ಣಿನ ನೆಲಕ್ಕೂ ಇಷ್ಟು ದೂರದ ಅಂತರವಿಲ್ಲ, ಆದರೆ ಜಾತಿ ಇದೇ.

ಬೆಳಗಿನ ಜಾವ ನಾಲ್ಕು ಗಂಟೆಯ ಲೆಕ್ಕವೂ ಸರಿ. ಹೊರಗಿನ ಚಳಿ ಸೂರ್ಯ ಹುಟ್ಟುವ ಮುಂಚೆ ಅತಿ ಜಾಸ್ತಿ. ನಿಮ್ಮ ಕಡೆ ಆ ಹೊತ್ತಿಗೆ 10 ಡಿಗ್ರಿಗಿಂತ ಕೆಳಗೆ ಇಳಿಯುವುದುಂಟು. ನಮ್ಮ ಮೈಯ ಬಿಸಿಯೂ ದಿನದಲ್ಲಿ ಅತಿ ಕಡಿಮೆ ಇರುವುದು ಹೆಚ್ಚುಕಡಿಮೆ ಅದೇ ಹೊತ್ತಿಗೆ. ಎರಡೂ ಒಟ್ಟಿಗೆ ಬಂದು ಬೀಳುತ್ತವೆ. ವಯಸ್ಸಾದವರಲ್ಲಿ ಮಾಂಸಖಂಡ ಕಡಿಮೆಯಾಗಿರುತ್ತದೆ, ಮೈಯಲ್ಲಿ ಹುಟ್ಟುವ ಶಾಖವೇ ಕಡಿಮೆ. ನೀನು ಒಂದು ರಗ್ಗಿನಲ್ಲಿ ಬೆಚ್ಚಗಿದ್ದರೆ ಅವರಿಗೂ ಅಷ್ಟು ಸಾಕು ಅಂದುಕೊಳ್ಳಬೇಡ.

ಹಾಗಾದರೆ ನೆಲದಿಂದ ಮೇಲಕ್ಕೆ ಹೇಗೆ ಹಾಸಬೇಕು? ಮೊದಲು ಒಣಗಿದ ಎರಡು ಗೋಣಿಚೀಲ. ಅದು ಇಲ್ಲದಿದ್ದರೆ ಹಳೇ ಪೇಪರ್, ಒಂದರ ಮೇಲೊಂದು ಹತ್ತಿಪ್ಪತ್ತು ಹಾಳೆ. ಪೇಪರನ್ನು ಕೀಳಾಗಿ ನೋಡಬೇಡ, ಹಾಳೆ ಹಾಳೆಯ ನಡುವೆಯೂ ಗಾಳಿ ಇರುತ್ತದೆ. ಅದರ ಮೇಲೆ ಚಾಪೆ. ಚಾಪೆಯ ಮೇಲೆ ಹತ್ತಿ ಗಾದಿ. ಗಾದಿಯ ಮೇಲೆ ಒಂದು ಕಂಬಳಿ, ಅದರ ಮೇಲೆ ಹತ್ತಿಯ ಚಾದರ. ಉಣ್ಣೆ ಎಳೆ ಸುರುಳಿ ಸುರುಳಿಯಾಗಿ, ಸ್ಪ್ರಿಂಗಿನಂತೆ ಇರುತ್ತದೆ. ಭಾರ ಬಿದ್ದರೂ ಪೂರ್ತಿ ಚಪ್ಪಟೆಯಾಗುವುದಿಲ್ಲ. ಅದಕ್ಕೇ ಕೆಳಗೆ ಹಾಸಲು ಕಂಬಳಿಯಂಥದ್ದು ಇನ್ನೊಂದಿಲ್ಲ. ಭತ್ತದ ಊರಿನವರಾದರೆ ಚಾಪೆಯ ಕೆಳಗೆ ಒಣ ಹುಲ್ಲು ಹರಡುತ್ತಿದ್ದದ್ದು ನೆನಪಿರಬೇಕು. ಹುಲ್ಲಿನ ಕಡ್ಡಿ ಒಳಗೆ ಟೊಳ್ಳು, ತುಂಬ ಗಾಳಿ.

ಮನೆಯಲ್ಲಿ ಹಳೇ ಗಾದಿ ಇದ್ದು ಅದು ರೊಟ್ಟಿಯಂತೆ ಗಟ್ಟಿಯಾಗಿದ್ದರೆ ಎಸೆಯಬೇಡ. ಊರಿಗೆ ಅರಳೆ ಹಿಂಜುವವರು ಬಂದಾಗ ಹಿಂಜಿಸು. ನಮ್ಮ ಓಣಿಗೆ ನದಾಫರು ಬಿಲ್ಲು ಹಿಡಿದು ಬರುತ್ತಿದ್ದರು. ಆ ತಂತಿಯ ಟೊಂಯ್ ಟೊಂಯ್ ಕೇಳಿದರೆ ನಾವು ಮಕ್ಕಳೆಲ್ಲ ಓಡುತ್ತಿದ್ದೆವು. ಗಟ್ಟಿ ಗಂಟುಗಳ ಸಣ್ಣ ಗುಡ್ಡೆ ಮಧ್ಯಾಹ್ನದ ಹೊತ್ತಿಗೆ ಮೊಳಕಾಲುದ್ದ ಉಬ್ಬಿ ನಿಲ್ಲುತ್ತಿತ್ತು. ಹತ್ತಿ ಅಷ್ಟೇ, ತೂಕ ಅಷ್ಟೇ. ಒಳಗೆ ಸೇರಿದ್ದು ಗಾಳಿ. ಆ ರಾತ್ರಿ ಅದೇ ಗಾದಿ ಬೇರೆಯದೇ ಅನ್ನಿಸುತ್ತಿತ್ತು.

ಇನ್ನು ಎರಡು ಎಚ್ಚರಿಕೆ. ಟೈಲ್ಸ್ ಮೇಲೆ ಹಾಸಿದ್ದನ್ನು ದಿನಾ ಬೆಳಿಗ್ಗೆ ಎತ್ತಿ ಮಗುಚಿ ಹಾಕು, ವಾರಕ್ಕೆ ಎರಡು ಸಲವಾದರೂ ಬಿಸಿಲಿಗೆ ಹಾಕು. ಮೈಯ ಬೆವರಿನ ತೇವ ಕೆಳಗಿಳಿದು ತಣ್ಣನೆಯ ನೆಲದ ಹತ್ತಿರ ನಿಲ್ಲುತ್ತದೆ. ಒದ್ದೆ ಹಾಸಿಗೆ ಬೆಚ್ಚಗಿರುವುದಿಲ್ಲ, ಯಾಕೆಂದರೆ ನೀರು ಶಾಖವನ್ನು ನಿಂತ ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಸಲೀಸಾಗಿ ಸಾಗಿಸಿಬಿಡುತ್ತದೆ. ಇನ್ನೊಂದು, ಪೇಪರ್ ಮತ್ತು ಗೋಣಿ ನುಣುಪಾದ ಟೈಲ್ಸ್ ಮೇಲೆ ಜಾರುತ್ತವೆ. ಮಾವನವರು ರಾತ್ರಿ ಎದ್ದು ಕಾಲಿಡುವ ಕಡೆ ಅವು ಹೊರಗೆ ಚಾಚಿರಬಾರದು. ಇಷ್ಟೆಲ್ಲ ಮಾಡಿದ ಮೇಲೂ ನಡುಕ ನಿಲ್ಲದಿದ್ದರೆ ಹಾಸಿಗೆಯನ್ನು ಬಿಟ್ಟು ವೈದ್ಯರ ಹತ್ತಿರ ಕರೆದುಕೊಂಡು ಹೋಗು. ರಕ್ತ ಕಡಿಮೆಯಾದರೂ, ಥೈರಾಯ್ಡ್ ಕಡಿಮೆಯಾದರೂ ಚಳಿ ತಡೆಯಲು ಆಗುವುದಿಲ್ಲ.

ಪ್ರಶ್ನೆ: ನಾವು ಹೊರಸಿನ ಮೇಲೆ ಮಲಗುತ್ತೇವೆ, ನೆಲ ತಾಗುವುದೇ ಇಲ್ಲ. ಆದರೂ ಕೆಳಗಿಂದ ಚಳಿ ಹೊಡೆಯುತ್ತದೆ. ನೀವು ಹೇಳುವ ನೆಲದ ಮಾತು ನಮಗೆ ಹೊಂದುವುದಿಲ್ಲ ಅಲ್ವಾ?
— ಗದಗ ಜಿಲ್ಲೆಯ ಓದುಗರು

ಉತ್ತರ: ಮೈಯ ಶಾಖವನ್ನು ನೆಲ ಎಳೆದುಕೊಳ್ಳುತ್ತದೆ ಅಂತ ಹಿಂದಿನ ಸಂಚಿಕೆಯಲ್ಲಿ ನಾನು ಬರೆದ ಸಾಲನ್ನು ಹಿಡಿದು ಕೇಳಿದ್ದೀರಿ, ಒಳ್ಳೆಯದೇ ಆಯಿತು. ಹೊರಸಿನ ಹಗ್ಗದ ನಡುವೆ ತೂತುಗಳಿವೆ. ಕೆಳಗೆ ಗಾಳಿ ಆಡುತ್ತದೆ. ನಿಂತ ಗಾಳಿ ಕಾಪಾಡುತ್ತದೆ, ಓಡಾಡುವ ಗಾಳಿ ಶಾಖ ಹೊತ್ತುಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಹೊರಸು ಹಿತವಾಗಿರುವುದಕ್ಕೂ ಇದೇ ಕಾರಣ. ಚಳಿಗಾಲದಲ್ಲಿ ಹಗ್ಗದ ಮೇಲೆ ಮೊದಲು ಒಂದು ಗೋಣಿಯನ್ನೋ ಕೌದಿಯನ್ನೋ ಹಾಸಿ, ಅಂಚು ಎರಡೂ ಕಡೆ ಕೆಳಕ್ಕೆ ಇಳಿಬಿಡಿ. ಗಾಳಿಗೆ ಅಡ್ಡ ಆಗುತ್ತದೆ. ಅದರ ಮೇಲೆ ನಿಮ್ಮ ಗಾದಿ.

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ಪ್ರತಿ ಡಿಸೆಂಬರ್‌ನಲ್ಲೂ ಇದೇ ಜಗಳ. ನಮ್ಮವರು ಮೈಗೆ ರಜಾಯಿ, ಅದರ ಮೇಲೆ ಕಂಬಳಿ ಹಾಕಬೇಕು ಅಂತಾರೆ. ನಾನು ಕಂಬಳಿ ಒಳಗೆ, ರಜಾಯಿ ಮೇಲೆ ಅಂತೀನಿ. ಯಾರು ಸರಿ?
— ಸೋಮವಾರಪೇಟೆಯಿಂದ ಒಬ್ಬ ಓದುಗರು

ಉತ್ತರ: ಪುಸ್ತಕದ ಲೆಕ್ಕದಲ್ಲಿ ಇಬ್ಬರಿಗೂ ಸಮಾನ ಅಂಕ. ಒಂದರ ತಡೆಗೆ ಇನ್ನೊಂದರ ತಡೆ ಕೂಡುತ್ತದೆ. ಯಾವುದು ಮೇಲೆ ಇದ್ದರೂ ಮೊತ್ತ ಅಷ್ಟೇ. ಆದರೆ ಪುಸ್ತಕದಲ್ಲಿ ಕಂಬಳಿಗೆ ತೂಕ ಇರುವುದಿಲ್ಲ. ನಿಮ್ಮ ಮನೆಯ ಕಂಬಳಿಗೆ ಇದೆ.

ಒಂದು ಕೆಲಸ ಮಾಡಿ. ರಜಾಯಿಯನ್ನು ಮಂಚದ ಮೇಲೆ ಹರಡಿ, ಪಕ್ಕದಲ್ಲಿ ಮಕ್ಕಳ ಸ್ಕೇಲ್ ನಿಲ್ಲಿಸಿ ಎತ್ತರ ನೋಡಿ. ಆಮೇಲೆ ಅದರ ಮೇಲೆ ಕಂಬಳಿ ಹಾಕಿ ಮತ್ತೆ ನೋಡಿ. ಎಷ್ಟು ಕುಗ್ಗಿತೋ ಅಷ್ಟು ಗಾಳಿ ಹೋಯಿತು, ಅಷ್ಟು ಬಿಸಿ ಹೋಯಿತು. ಆದ್ದರಿಂದ ಭಾರದ್ದು ಒಳಗೆ, ಹಗುರವಾಗಿ ಉಬ್ಬಿದ್ದು ಹೊರಗೆ. ಈ ಸಲ ನಿಮ್ಮ ಮಾತೇ ಸರಿ.

ಆದರೆ ಯಜಮಾನರ ಮಾತಿನಲ್ಲೂ ಹುರುಳಿದೆ. ಅವರು ಹೇಳಿದ ಕ್ರಮ ಎರಡು ಕಡೆ ಗೆಲ್ಲುತ್ತದೆ. ರಜಾಯಿ ಹಳೆಯದಾಗಿ ಮೊದಲೇ ಚಪ್ಪಟೆಯಾಗಿದ್ದರೆ ಕುಗ್ಗಲು ಏನೂ ಉಳಿದಿಲ್ಲ, ಮೇಲೆ ಕಂಬಳಿ ಬಂದರೆ ನಷ್ಟವಿಲ್ಲ. ಇನ್ನೊಂದು, ಹೆಂಚಿನ ಸಂದಿಯಿಂದ, ಕಿಟಕಿಯಿಂದ ಗಾಳಿ ಬೀಸುವ ಕೋಣೆಯಾದರೆ ಹೊರಗಡೆ ಬಿಗಿ ನೇಯ್ಗೆಯದು ಒಂದು ಬೇಕೇ ಬೇಕು. ಇಲ್ಲದಿದ್ದರೆ ಗಾಳಿ ಒಳನುಗ್ಗಿ ನಿಂತ ಗಾಳಿಯನ್ನು ಕದಡುತ್ತದೆ. ಅದಕ್ಕೆ ಕಂಬಳಿಯೇ ಆಗಬೇಕಿಲ್ಲ. ಒಂದು ಹತ್ತಿಯ ದುಪ್ಪಟಿ ಸಾಕು. ಹಗುರ, ಗಾಳಿಗೂ ಅಡ್ಡ.

ಹೀಗೆ ಮಾಡಿ: ಮೈಗೆ ತಾಗುವ ಹಾಗೆ ಹಳೇ ಮೆತ್ತನೆಯ ಸೀರೆ ಅಥವಾ ಪಂಚೆ, ಕಂಬಳಿ ಚುಚ್ಚುವುದಿಲ್ಲ. ಅದರ ಮೇಲೆ ಕಂಬಳಿ. ಅದರ ಮೇಲೆ ರಜಾಯಿ. ಗಾಳಿ ಜಾಸ್ತಿ ಇದ್ದ ದಿನ ಎಲ್ಲಕ್ಕೂ ಮೇಲೆ ದುಪ್ಪಟಿ. ಕುತ್ತಿಗೆಯ ಹತ್ತಿರ ಮಾತ್ರ ಸಂದಿ ಬಿಡಬೇಡಿ. ಮಗ್ಗುಲಾದಾಗಲೆಲ್ಲ ಒಳಗಿನ ಬಿಸಿ ಗಾಳಿ ಅಲ್ಲಿಂದಲೇ ಪುಸಕ್ಕನೆ ಹೊರಗೆ ಹೋಗುತ್ತದೆ. ಹಳೇ ಶಾಲು ಒಂದನ್ನು ಹೆಗಲಿಗೆ ಸುತ್ತಿಕೊಂಡು ಮಲಗಿ. ಗಂಡ ಹೆಂಡತಿ ಒಂದೇ ರಜಾಯಿಯಲ್ಲಿ ಮಲಗಿದಾಗ ನಡುವೆ ಏಳುವ ಗುಡಾರದಿಂದಲೂ ಗಾಳಿ ಬರುತ್ತದೆ. ಒಳಗಿನ ಕಂಬಳಿ ಇಬ್ಬರಿಗೂ ಬೇರೆ ಬೇರೆ ಇರಲಿ, ಮೇಲಿನ ರಜಾಯಿ ಒಂದೇ ಇರಲಿ. ನಮ್ಮ ಮನೆಯಲ್ಲಿ ಇಷ್ಟು ವರ್ಷ ಹೀಗೇ ನಡೆದಿದೆ.

ಪ್ರಶ್ನೆ: ಅಕ್ಕಾ, ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದಲು ಬಂದಿದ್ದೇನೆ. ಊರು ಧಾರವಾಡ. ಇಲ್ಲಿ ಡುವೆ, ಅಂದರೆ ಇಲ್ಲಿಯವರ ರಜಾಯಿ, ಕೊಳ್ಳಲು ಹೋದರೆ 4.5 ಟಾಗ್, 10.5 ಟಾಗ್ ಅಂತ ಬರೆದಿರುತ್ತಾರೆ. ಇದೇನು? ಯಾವುದು ತಗೊಳ್ಳಲಿ? ಅಮ್ಮ ಊರಿಂದ ಕೊಟ್ಟ ಕೌದಿಯೂ ಇದೆ.

ಉತ್ತರ: ಟಾಗ್ ಅಂದರೆ ಶಾಖವನ್ನು ತಡೆಯುವ ಅಳತೆ. 1940ರ ದಶಕದಲ್ಲಿ ನೀನಿರುವ ದೇಶದಲ್ಲೇ, ಮ್ಯಾಂಚೆಸ್ಟರ್‌ನ ಶರ್ಲಿ ಇನ್‌ಸ್ಟಿಟ್ಯೂಟ್ ಎಂಬ ಜವಳಿ ಸಂಶೋಧನಾ ಕೇಂದ್ರದವರು ಇದನ್ನು ರೂಪಿಸಿದರು. 10 ಟಾಗ್ ಹೊದಿಕೆ ಅಂದುಕೋ. ಅದರ ಒಳಮೈಗೂ ಹೊರಮೈಗೂ 1 ಡಿಗ್ರಿ ವ್ಯತ್ಯಾಸ ಇದ್ದರೆ ಪ್ರತಿ ಚದರ ಮೀಟರಿನಿಂದ 1 ವ್ಯಾಟ್ ಮಾತ್ರ ಹೊರಗೆ ಹೋಗುತ್ತದೆ. 5 ಟಾಗ್ ಆದರೆ 2 ವ್ಯಾಟ್. ಸಂಖ್ಯೆ ಜಾಸ್ತಿಯಾದಷ್ಟೂ ಬೆಚ್ಚಗೆ.

ಈ ಅಳತೆಯಲ್ಲಿ ನನಗೆ ಇಷ್ಟವಾದದ್ದು, ಟಾಗ್‌ಗಳನ್ನು ಕೂಡಬಹುದು. 4.5ರದ್ದು ಒಂದು, 9ರದ್ದು ಒಂದು, ಎರಡನ್ನೂ ಗುಂಡಿ ಹಾಕಿ ಸೇರಿಸಿದರೆ 13.5. ಹೀಗೆ ಜೋಡಿಯಾಗಿಯೇ ಮಾರುತ್ತಾರೆ. ಅದನ್ನು ತಗೋ. ಬೇಸಿಗೆಗೆ ತೆಳ್ಳಗಿನದು, ಅಕ್ಟೋಬರಿಗೆ ದಪ್ಪನೆಯದು, ಜನವರಿಗೆ ಎರಡೂ. ದುಡ್ಡು ಉಳಿಯುತ್ತದೆ. ದಪ್ಪದ ಮೇಲೆ ಹೋಗಬೇಡ, ಚೀಟಿಯ ಮೇಲಿನ ಸಂಖ್ಯೆ ನೋಡು. ತೂಕದ ಮೇಲಂತೂ ಹೋಗಲೇಬೇಡ. ಬಾತುಕೋಳಿಯ ಒಳಪುಕ್ಕ ತುಂಬಿದ್ದು ಕೈಗೆ ಹಗುರವಾಗಿದ್ದರೂ ಭಾರೀ ಬಿಸಿ.

ಅಮ್ಮನ ಕೌದಿಯನ್ನು ಡುವೆಯ ಮೇಲೆ ಹಾಕಬೇಡ. ಮೇಲಿನ ಉತ್ತರ ಓದಿದ್ದೀಯಲ್ಲ, ಕೌದಿ ಭಾರ, ಪುಕ್ಕವನ್ನು ಒತ್ತಿಬಿಡುತ್ತದೆ. ಕೆಳಗೆ ಹಾಸು, ಚಾದರದ ಅಡಿಗೆ. ಬಾಡಿಗೆ ಕೋಣೆಯ ಹಾಸಿಗೆ ಹೇಗೇ ಇರಲಿ, ಮೈಕೆಳಗೆ ಅಮ್ಮನ ಕೈ ಇರುತ್ತದೆ.

ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆ ಅಚ್ಚುಕಟ್ಟಾಗಿ ಮುಚ್ಚಬೇಡ. ಡುವೆಯನ್ನು ಮಡಚಿ ಕಾಲಡಿಗೆ ಸರಿಸಿ, ಕಿಟಕಿ ಸ್ವಲ್ಪ ಹೊತ್ತು ತೆಗೆದಿಡು. ರಾತ್ರಿಯಿಡೀ ಮೈಯಿಂದ, ಉಸಿರಿಂದ ತೇವ ಹೋಗಿರುತ್ತದೆ. ಅಲ್ಲಿ ನಮ್ಮಂತೆ ಬಿಸಿಲಿಗೆ ಹಾಕಲು ಚಳಿಗಾಲದಲ್ಲಿ ಬಿಸಿಲೇ ಇಲ್ಲ. ತೇವ ಉಳಿದರೆ ಗೋಡೆಗೂ ಹಾಸಿಗೆಗೂ ಬೂಷ್ಟು ಹಿಡಿಯುತ್ತದೆ. ಮಂಚವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಎಳೆ.

ಪ್ರಶ್ನೆ: ಮಗಳ ಬಾಣಂತನ ನಮ್ಮಲ್ಲೇ. ಕೂಸಿಗೆ 20 ದಿನ. ನಮ್ಮದು ಚಿಕ್ಕಮಗಳೂರು ಕಡೆಯ ತೋಟದ ಮನೆ, ವಿಪರೀತ ಚಳಿ. ಕೂಸಿಗೆ ಎರಡು ಉಣ್ಣೆ ಹೊದಿಕೆ ಹಾಕಿ, ಕೋಣೆ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಡುತ್ತೇನೆ. ಅಳಿಯ ಬೇಡ ಅಂತಾರೆ. ನಾವೆಲ್ಲ ಹೀಗೇ ಬೆಳೆದವರಲ್ಲವೇ?

ಉತ್ತರ: ಅಮ್ಮಾ, ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಈ ಪತ್ರ ಓದಿ ನನಗೆ ಕೈ ನಡುಗಿತು. ದಯವಿಟ್ಟು ಇವತ್ತೇ ಅಗ್ಗಿಷ್ಟಿಕೆ ಹೊರಗೆ ಇಡಿ.

ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಅದು ಇರುತ್ತದೆ. ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ಅದು ಹೋಗಿ ಕೂತುಬಿಡುತ್ತದೆ. ಮಲಗಿದವರು ಮಲಗಿದಲ್ಲೇ ಹೋಗಿಬಿಡುತ್ತಾರೆ. ಪ್ರತಿ ಚಳಿಗಾಲದಲ್ಲೂ ನಮ್ಮ ದೇಶದಲ್ಲಿ ಹೀಗೆ ಸಾವು ಆಗುತ್ತಲೇ ಇವೆ. ನಾವು ಬೆಳೆದ ಮನೆಗಳಲ್ಲಿ ಹೆಂಚಿನ ಸಂದಿ ಇತ್ತು, ಮಾಡಿನ ಸಂದಿ ಇತ್ತು, ಹೊಗೆ ಹೋಗಲು ದಾರಿ ಇತ್ತು. ಆರ್‌ಸಿಸಿ ಕೋಣೆಗೆ ಗಾಜಿನ ಕಿಟಕಿ ಮುಚ್ಚಿದರೆ ದಾರಿಯೇ ಇಲ್ಲ. ಕೋಣೆ ಬಿಸಿ ಮಾಡಲೇಬೇಕಾದರೆ ಕೂಸು, ಬಾಣಂತಿ ಬೇರೆ ಕಡೆ ಇರುವಾಗ ಮಾಡಿ, ಕೆಂಡ ಹೊರಗೆ ತೆಗೆಯಿರಿ, ಬಾಗಿಲು ಕಿಟಕಿ ತೆರೆದು ಗಾಳಿಯಾಡಿಸಿ, ಆಮೇಲೆ ಕರೆತನ್ನಿ. ಸಾಂಬ್ರಾಣಿ ಕೆಂಡಕ್ಕೂ ಇದೇ ಮಾತು.

ಹೊದಿಕೆಯ ವಿಷಯದಲ್ಲೂ ನಿಮ್ಮ ಅಳಿಯನದೇ ಸರಿ. ಒಂದು ವರ್ಷದೊಳಗಿನ ಕೂಸಿನ ಹಾಸಿಗೆಯಲ್ಲಿ ಸಡಿಲವಾದ ಹೊದಿಕೆ, ದಿಂಬು, ರಜಾಯಿ ಇರಬಾರದು ಅಂತ ಮಕ್ಕಳ ವೈದ್ಯರು ಹೇಳುತ್ತಾರೆ. ಮುಖದ ಮೇಲೆ ಬಂದರೆ ಸರಿಸಿಕೊಳ್ಳಲು ಕೂಸಿಗೆ ಬರುವುದಿಲ್ಲ. ಪದರಗಳನ್ನು ಬಟ್ಟೆಯಲ್ಲೇ ಕೊಡಿ. ಒಳಗೆ ತೆಳ್ಳನೆಯ ಹತ್ತಿ ಅಂಗಿ, ಅದರ ಮೇಲೆ ಉದ್ದ ತೋಳಿನ ಅಂಗಿ, ಕಾಲುಚೀಲ, ಮೇಲೆ ಬೇಕಿದ್ದರೆ ಒಂದು ಸ್ವೆಟರ್. ನಿಮಗೆ ಎಷ್ಟು ಪದರ ಬೇಕೋ ಅದಕ್ಕಿಂತ ಒಂದು ಜಾಸ್ತಿ, ಅಷ್ಟೇ. ಅಂಗಾತ ಮಲಗಿಸಿ.

ಕೂಸಿಗೆ ಚಳಿಯೋ ಸೆಕೆಯೋ ಅಂತ ಕೈ ಮುಟ್ಟಿ ನೋಡಬೇಡಿ. ಕೂಸಿನ ಕೈಕಾಲು ತಣ್ಣಗಿರುವುದು ಸಹಜ. ಎದೆಯ ಮೇಲೆ ಅಥವಾ ಕುತ್ತಿಗೆಯ ಹಿಂದೆ ನಿಮ್ಮ ಬೆರಳಿಟ್ಟು ನೋಡಿ. ಅಲ್ಲಿ ಬೆಚ್ಚಗಿದ್ದು ಒಣಗಿದ್ದರೆ ಸರಿ. ಬೆವರಿದ್ದರೆ ಒಂದು ಪದರ ತೆಗೆಯಿರಿ. ಎದೆಯೇ ತಣ್ಣಗಿದ್ದು ಹಾಲು ಕುಡಿಯಲು ಏಳದಿದ್ದರೆ ತಕ್ಷಣ ಆಸ್ಪತ್ರೆಗೆ. ಎಚ್ಚರವಿದ್ದಾಗ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು, ಮುಖ ಹೊರಗಿರುವಂತೆ ಬೆನ್ನಿಗೆ ಹೊದಿಸಿ. ಅದಕ್ಕಿಂತ ಒಳ್ಳೆಯ ಬಿಸಿ ಇನ್ನೊಂದಿಲ್ಲ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ಮಿಂಕ್ ಬ್ಲಾಂಕೆಟ್ ಹೊದ್ದರೆ ಮೊದಲು ಸೆಕೆ, ಬೆವರು. ಮಧ್ಯರಾತ್ರಿ ಕಳೆದ ಮೇಲೆ ಚಳಿ. ಅಜ್ಜನ ಕಂಬಳಿಯಲ್ಲಿ ಹೀಗಾಗುತ್ತಿರಲಿಲ್ಲ. ಭ್ರಮೆಯೇ?
— ಬೆಂಗಳೂರಿನಿಂದ ಒಬ್ಬ ವಿದ್ಯಾರ್ಥಿ

ಉತ್ತರ: ಭ್ರಮೆ ಅಲ್ಲ. ಮಿಂಕ್ ಅಂತ ಮಾರುವುದು ಸಾಮಾನ್ಯವಾಗಿ ಪಾಲಿಯೆಸ್ಟರ್. ಅದರ ಎಳೆ ತೇವ ಕುಡಿಯುವುದಿಲ್ಲ ಅಂತಲೇ ಹೇಳಬಹುದು. ಬೆವರು ಬಟ್ಟೆಯಲ್ಲೇ ನಿಂತು, ಆಮೇಲೆ ತಣ್ಣಗಾಗುತ್ತದೆ. ಉಣ್ಣೆ ಹಾಗಲ್ಲ. ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಅನ್ನಿಸುವುದಿಲ್ಲ. ಎಳೆದುಕೊಳ್ಳುವಾಗ ಸ್ವಲ್ಪ ಶಾಖವನ್ನೂ ಬಿಡುತ್ತದೆ. ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಯಲ್ಲಿ ನಿಂತವರನ್ನು, ಕುರಿ ಹಿಂದೆ ರಾತ್ರಿಯೆಲ್ಲ ಬಯಲಲ್ಲಿ ಕಳೆಯುವವರನ್ನು ಕೇಳಿ ನೋಡು.

ನಿನ್ನ ಬ್ಲಾಂಕೆಟ್ ಎಸೆಯಬೇಡ. ಮೈಗೆ ಹತ್ತಿಯ ಚಾದರ ಹೊದ್ದು ಅದರ ಮೇಲೆ ಬ್ಲಾಂಕೆಟ್ ಹಾಕಿಕೋ. ಚಾದರ ಬೆವರನ್ನು ಹಿಡಿದುಕೊಳ್ಳುತ್ತದೆ. ಮಲಗುವ ಹೊತ್ತಿಗೆ ಚಾದರ ಮಾತ್ರ ಹೊದ್ದು, ಬ್ಲಾಂಕೆಟ್ ಸೊಂಟದವರೆಗೆ ಇರಲಿ. ಚಳಿ ಏರಿದಾಗ ನಿದ್ದೆಗಣ್ಣಲ್ಲೇ ಎಳೆದುಕೊಳ್ಳುತ್ತೀಯ. ಎರಡು ತೆಳ್ಳನೆಯ ಪದರ ಇದ್ದರೆ ಒಂದು ಕಡಿಮೆ ಮಾಡಬಹುದು, ಒಂದೇ ದಪ್ಪ ಇದ್ದರೆ ಇಟ್ಟುಕೊಳ್ಳಬೇಕು, ಇಲ್ಲ ಬಿಡಬೇಕು.

ಪ್ರಶ್ನೆ: ಅಸಲಿ ಉಣ್ಣೆ ಕಂಬಳಿ ಅಂತ ಗುರುತಿಸುವುದು ಹೇಗೆ? ಒಗೆಯಬಹುದೇ?
— ಮೂವರು ಓದುಗರು ಕೇಳಿದ್ದಾರೆ

ಉತ್ತರ: ನಾನೂ ಒಮ್ಮೆ ಒಂದು ಅಂಗಡಿಯಲ್ಲಿ ಮೋಸ ಹೋಗಿದ್ದೇನೆ. ಕರಿ ಕಂಬಳಿ ಅಂತ ತಂದದ್ದರಲ್ಲಿ ಅರ್ಧ ಪ್ಲಾಸ್ಟಿಕ್ ದಾರ ಇತ್ತು. ಅಂಚಿನಿಂದ ಎರಡು ಮೂರು ಎಳೆ ಕಿತ್ತು, ಇಕ್ಕಳದಲ್ಲಿ ಹಿಡಿದು, ಬಚ್ಚಲಲ್ಲಿ ನಿಂತು ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದರೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕಾಗದದಂತೆ ಉರಿಯುತ್ತದೆ. ಚಳ್ಳಕೆರೆ ಕಡೆಯ ಕೈಮಗ್ಗದ ಕಂಬಳಿ ಹೊಸದರಲ್ಲಿ ಹಲಗೆಯಂತೆ ಬಿರುಸಾಗಿದ್ದರೆ ಗಾಬರಿ ಬೇಡ. ನೇಯುವಾಗ ಎಳೆಗೆ ಹುಣಸೆ ಬೀಜದ ಗಂಜಿ ಕೊಟ್ಟಿರುತ್ತಾರೆ. ಬಳಸುತ್ತಾ ಬಳಸುತ್ತಾ ಮೆತ್ತಗಾಗುತ್ತದೆ.

ಪದೇಪದೇ ಒಗೆಯಬೇಡಿ. ಬಿಸಿಲಿಗೆ ಹಾಕಿ, ಕೊಡವಿ, ಸಾಕು. ಒಗೆಯಲೇಬೇಕಾದರೆ ತಣ್ಣೀರು, ಅಂಟುವಾಳ ಕಾಯಿಯ ನೊರೆ, ಕೈಯಲ್ಲಿ ಒತ್ತಿ ಹಿಂಡದೆ ಇಳಿಬಿಡಿ. ಬಿಸಿನೀರಿಗೆ ಹಾಕಿ ಉಜ್ಜಿದರೆ ಎಳೆ ಒಂದಕ್ಕೊಂದು ಗಂಟಿಕ್ಕಿ ಕಂಬಳಿ ಕುಗ್ಗುತ್ತದೆ, ಗಾಳಿ ನಿಲ್ಲುವ ಜಾಗ ಹೋಗುತ್ತದೆ. ಮಳೆಗಾಲಕ್ಕೆ ಎತ್ತಿಡುವಾಗ ಪೂರ್ತಿ ಒಣಗಿಸಿ, ಒಣಗಿದ ಬೇವಿನ ಸೊಪ್ಪು ಇಟ್ಟು ಮಡಚಿ.

ಪ್ರಶ್ನೆ: ಅತ್ತೆಯ ಕಾಲದ ಕೌದಿ ಹರಿದಿದೆ. ಮೇಲೆ ಹೊದ್ದರೆ ರಜಾಯಿಯಷ್ಟು ಬೆಚ್ಚಗಿಲ್ಲ ಅಂತ ಮಕ್ಕಳು ಬೇಡ ಅಂತಾರೆ. ಬಿಸಾಡಲು ಮನಸ್ಸಿಲ್ಲ.
— ರಾಣೆಬೆನ್ನೂರಿನ ಓದುಗರು

ಉತ್ತರ: ಬಿಸಾಡಬೇಡಿ. ಮಕ್ಕಳು ಹೇಳಿದ್ದು ನಿಜ, ಕೌದಿ ರಜಾಯಿಯಷ್ಟು ಉಬ್ಬುವುದಿಲ್ಲ. ಸಣ್ಣ ಸಣ್ಣ ಹೊಲಿಗೆ ಹತ್ತಿರ ಹತ್ತಿರ ಬೀಳುತ್ತದೆ, ಪದರಗಳನ್ನು ಒತ್ತಿ ಹಿಡಿಯುತ್ತದೆ. ಅದೇ ಗುಣ ಕೆಳಗೆ ಹಾಸಿದಾಗ ಉಪಕಾರ. ಮೊದಲೇ ಒತ್ತಿಕೊಂಡದ್ದು ಮಲಗಿದರೂ ಇನ್ನಷ್ಟು ಕುಗ್ಗುವುದಿಲ್ಲ, ಒಂದು ಕಡೆ ಸರಿದು ಗಂಟಾಗುವುದೂ ಇಲ್ಲ. ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯೂ ಇದೇ ಬಳಗದ್ದು. ಅಂಚಿನಿಂದ ಸುತ್ತುತ್ತಾ ನಡುವಿಗೆ ಬರುವ ಹೊಲಿಗೆ.

ನಮ್ಮವ್ವ ಕೌದಿಯ ಹೊಟ್ಟೆಗೆ ಅಪ್ಪನ ಹರಿದ ಕಂಬಳಿಯ ತುಂಡು ಸೇರಿಸುತ್ತಿದ್ದಳು. ನೋಡಲು ಮೇಲೂ ಸೀರೆ, ಕೆಳಗೂ ಸೀರೆ. ನಡುವೆ ಬೆನ್ನು ಬರುವ ಜಾಗಕ್ಕೆ ಮಾತ್ರ ಕಂಬಳಿ. ಕಾಲಿನ ಕಡೆ ಹಳೇ ಧೋತರ. ನೀವೂ ಹಾಗೇ ಮಾಡಿ. ಹರಿದ ಕಡೆ ಬಿಚ್ಚಿ, ಮನೆಯಲ್ಲಿ ನುಸಿ ತಿಂದ ಶಾಲೋ ಬಿಗಿಯಾದ ಸ್ವೆಟರೋ ಇದ್ದರೆ ಕತ್ತರಿಸಿ ಒಳಗಿಟ್ಟು, ಮೇಲೊಂದು ಮೆತ್ತನೆಯ ಸೀರೆ ಹೊದಿಸಿ. ದಪ್ಪ ದಾರ, ಉದ್ದ ಸೂಜಿ ತಗೊಳ್ಳಿ. ಹೊಲಿಗೆ ನಡುವೆ ಎರಡು ಬೆರಳು ಜಾಗ ಬಿಡಿ, ಸ್ವಲ್ಪ ಗಾಳಿಯೂ ಉಳಿಯಲಿ. ಮುಗಿದ ಮೇಲೆ ಮಕ್ಕಳ ಗಾದಿಯ ಮೇಲೆ, ಚಾದರದ ಅಡಿಗೆ ಹಾಸಿಬಿಡಿ.